ನಿಮ್ಮ ಮದುವೆಯಲ್ಲಿ ನಾನೆಲ್ಲಿದ್ದೆ?

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ನಮ್ಮ ಮದುವೆಯಾಗಿ ಹತ್ತು ವರ್ಷ ತುಂಬುತ್ತದೆ. ಮಗಳಿಗೆ ಐದು ವರ್ಷ. ಈಚೆಗೆ ಒಂದು ಸಂಜೆ ಮದುವೆಯ ಆಲ್ಬಂ ನೋಡುತ್ತಿದ್ದಾಗ ಅವಳು ಪ್ರತಿ ಪುಟದಲ್ಲೂ ತನ್ನನ್ನು ಹುಡುಕಿ, "ಇದರಲ್ಲಿ ನಾನೆಲ್ಲಿ? ನನ್ನನ್ನು ಯಾಕೆ ಕರೆಯಲಿಲ್ಲ?" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅಳು ನಿಲ್ಲಲೆಂದು ಇವರು "ನೀನೂ ಅಲ್ಲೇ ಇದ್ದೆ, ಕುರ್ಚಿಯ ಹಿಂದೆ ಬಚ್ಚಿಟ್ಟುಕೊಂಡಿದ್ದೆ" ಎಂದು ನಕ್ಕುಬಿಟ್ಟರು. ಈಗ ಅದೇ ದೊಡ್ಡ ಕಥೆಯಾಗಿದೆ. ತಾನೂ ಟುಪ್ಪಿಯೂ ಕುರ್ಚಿಯ ಹಿಂದೆ ಅಡಗಿದ್ದು, ಟುಪ್ಪಿ ದೀಪ ಆರಿಸಿ ಎಲ್ಲರನ್ನೂ ಹೆದರಿಸಿದ್ದು ಎಂದೆಲ್ಲ ಶಾಲೆಯಲ್ಲೂ ಹೇಳಿದ್ದಾಳೆ. ಶಿಕ್ಷಕಿ ನನ್ನನ್ನು ಕರೆದು ವಿಚಾರಿಸಿದರು. ಟುಪ್ಪಿ ಎಂದರೆ ಒಂದು ವರ್ಷದಿಂದ ಅವಳ ಜೊತೆಗಿರುವ, ನಮ್ಮ ಯಾರ ಕಣ್ಣಿಗೂ ಕಾಣದ ಗೆಳತಿ. ಲೋಟ ಒಡೆದರೆ ಟುಪ್ಪಿ, ಗೋಡೆಯ ಮೇಲೆ ಗೀಚಿದರೆ ಟುಪ್ಪಿ. "ಸುಳ್ಳು ಹೇಳುವುದನ್ನು ಕಲಿಯುತ್ತಿದ್ದಾಳೆ, ನೀನು ತಲೆಯ ಮೇಲೆ ಕೂರಿಸಿಕೊಂಡಿದ್ದೀಯ" ಎಂದು ಇವರಿಗೆ ಸಿಟ್ಟು. ಇದೇ ವಿಷಯಕ್ಕೆ ದಿನವೂ ಜಗಳ. ವಾರ್ಷಿಕೋತ್ಸವಕ್ಕೆ ನಾವಿಬ್ಬರೇ ಎರಡು ದಿನ ಎಲ್ಲಾದರೂ ಹೋಗಿಬರುವ ಯೋಚನೆಯಿತ್ತು. ಅವಳು ಅಷ್ಟು ಅತ್ತ ಮೇಲೆ ಬಿಟ್ಟು ಹೋಗಲು ಮನಸ್ಸೇ ಬರುತ್ತಿಲ್ಲ. ಮಗಳಿಗೆ ಏನಾದರೂ ತೊಂದರೆಯಿದೆಯೇ? ಅವಳನ್ನು ತಿದ್ದುವುದು ಹೇಗೆ?

ಉತ್ತರ: ನೀವು ಬರೆದಷ್ಟನ್ನು ನೋಡಿದರೆ ಮಗಳಿಗೆ ತೊಂದರೆಯೇನೂ ಕಾಣುವುದಿಲ್ಲ. ತಿದ್ದುವ ಕೆಲಸ ಒಂದಿಷ್ಟು ಇದೆ, ಆದರೆ ಅದನ್ನು ಅವಳಿಂದ ಆರಂಭಿಸಬೇಕಾಗಿಲ್ಲ. ಸುಳ್ಳೆಂದು ನಿಮ್ಮ ಪತಿ ಸಿಟ್ಟಾಗುತ್ತಿರುವ ಕಥೆಯ ಮೊದಲ ವಾಕ್ಯ ಯಾರದು ಎಂಬುದನ್ನು ನೀವೇ ಬರೆದಿದ್ದೀರಿ. ಕುರ್ಚಿಯ ಹಿಂದೆ ಅವಳನ್ನು ಕೂರಿಸಿದವರು ಅವರು. ಮಗಳು ದೀಪ ಆರಿಸಿದ್ದಷ್ಟೇ ಸೇರಿಸಿದಳು.

ಇದನ್ನು ಅವರನ್ನು ಚುಚ್ಚಲು ಹೇಳುತ್ತಿಲ್ಲ. ಅಳುವ ಮಗುವಿನ ಮುಂದೆ ನಾವೆಲ್ಲರೂ ಹಾಗೆಯೇ ಮಾಡುತ್ತೇವೆ. ಆದರೆ ಐದು ವರ್ಷದ ಮಗುವಿಗೆ ಅಪ್ಪ ಹೇಳಿದ್ದೆಂದರೆ ಕಣ್ಣಾರೆ ಕಂಡದ್ದಕ್ಕೆ ಸಮ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀಫನ್ ಸೆಸಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳನ್ನು ವಾರ ವಾರವೂ ಕೂರಿಸಿಕೊಂಡು, ನಡೆದ ಘಟನೆಗಳ ಜೊತೆಗೆ ನಡೆಯದವನ್ನೂ ಕೇಳುತ್ತಿದ್ದರು. ನಿನ್ನ ಬೆರಳು ಇಲಿಬೋನಿಗೆ ಸಿಕ್ಕಿಕೊಂಡಿತ್ತಂತಲ್ಲ, ಚೆನ್ನಾಗಿ ನೆನಪು ಮಾಡಿಕೋ ಎಂಬಂಥ ಪ್ರಶ್ನೆಗಳು. ಕೆಲವು ವಾರಗಳ ಬಳಿಕ ಅರ್ಧಕ್ಕಿಂತ ಹೆಚ್ಚು ಮಕ್ಕಳು ನಡೆಯದ ಒಂದಾದರೂ ಘಟನೆಯನ್ನು ಯಾರು ಇದ್ದರು, ಏನಾಯಿತು ಎಂಬ ವಿವರಗಳೊಂದಿಗೆ ಹೇಳತೊಡಗಿದರು. ಅದು ನಡೆದೇ ಇಲ್ಲ ಎಂದು ಹೆತ್ತವರು ತಿಳಿಹೇಳಿದರೂ ಕೆಲವರು ಒಪ್ಪಲಿಲ್ಲ. ಆ ಮಕ್ಕಳು ಯಾರನ್ನೂ ಮೋಸಗೊಳಿಸುತ್ತಿರಲಿಲ್ಲ. ಕೇಳಿದ್ದು, ಊಹಿಸಿಕೊಂಡದ್ದು, ಕಂಡದ್ದು, ಈ ಮೂರೂ ಯಾವ ಯಾವ ಬಾಗಿಲಿನಿಂದ ತಲೆಯೊಳಗೆ ಬಂದವು ಎಂದು ಲೆಕ್ಕವಿಡುವ ಶಕ್ತಿ ಆ ವಯಸ್ಸಿನಲ್ಲಿ ಇನ್ನೂ ಬೆಳೆಯುತ್ತಿರುತ್ತದೆ.

ಆದ್ದರಿಂದ ಮೊದಲ ಕೆಲಸ ಅಪ್ಪನದು. ಶಾಂತವಾಗಿರುವ ಹೊತ್ತಿನಲ್ಲಿ, ಒಂದೇ ಒಂದು ಸಲ, "ಅವತ್ತು ನಾನು ತಮಾಷೆಗೆ ಹಾಗೆ ಹೇಳಿದೆ ಪುಟ್ಟಿ. ನಮ್ಮ ಮದುವೆಯ ದಿನ ನೀನು ಇನ್ನೂ ಹುಟ್ಟಿರಲಿಲ್ಲ" ಎಂದು ಅವರೇ ಹೇಳಲಿ. ಅವಳು "ಇಲ್ಲ, ಇದ್ದೆ" ಎಂದು ಹಟ ಹಿಡಿದರೆ ವಾದಕ್ಕೆ ಇಳಿಯಬೇಡಿ. ನಿಜ ಏನೆಂದು ಹೇಳಿಯಾಗಿದೆ. ಅದು ತನ್ನ ಸಮಯಕ್ಕೆ ಒಳಗಿಳಿಯುತ್ತದೆ. ಮತ್ತೆ ಮತ್ತೆ ಕರೆದು "ಈಗ ಹೇಳು, ಇದ್ದೆಯೋ ಇಲ್ಲವೋ" ಎಂದು ಪಾಟೀಸವಾಲು ಮಾಡುವುದು ಮಾತ್ರ ಬೇಡ. ಮೇಲೆ ಹೇಳಿದ ಅಧ್ಯಯನದಲ್ಲಿ ಕಥೆಗಳು ಗಟ್ಟಿಯಾದದ್ದು ಹಾಗೆ ಪದೇ ಪದೇ ಕೆದಕಿದ್ದರಿಂದಲೇ.

ಇನ್ನು ಆ ಅಳುವಿನ ಮಾತು. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನು ಇಂಥ ಪ್ರಶ್ನೆಗಳನ್ನು ಮುದ್ದಿನ ಮಾತೆಂದು ನಕ್ಕು ಬಿಡುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ತನಗೆ ತಿಳಿದಿರುವ ಪ್ರಪಂಚದಲ್ಲಿ ಅತಿ ಮುಖ್ಯರಾದ ಇಬ್ಬರು, ಜೀವನದಲ್ಲೇ ಅತಿ ದೊಡ್ಡದೆಂದು ಎಲ್ಲರೂ ಹೇಳುವ ದಿನ, ತನ್ನನ್ನು ಬಿಟ್ಟು ನಗುತ್ತ ನಿಂತಿದ್ದಾರೆ. ಮನೆಯಲ್ಲಿ ನೋಡಿದವರೆಲ್ಲ ಆ ಚಿತ್ರದಲ್ಲಿದ್ದಾರೆ. ತಾನೊಬ್ಬಳೇ ಇಲ್ಲ. "ನಾನು ಇರಲಿಲ್ಲ" ಎನ್ನುವುದಕ್ಕೆ ಮಗುವಿಗೆ ತಿಳಿದಿರುವ ಅರ್ಥ ಒಂದೇ: ನಾನು ಬೇರೆಲ್ಲೋ ಇದ್ದೆ, ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಎಲ್ಲಿಯೂ ಇಲ್ಲದಿರುವುದು ಎಂಬುದು ದೊಡ್ಡವರಿಗೇ ಸುಲಭಕ್ಕೆ ಎಟುಕದ ವಿಚಾರ. ಅದಕ್ಕೇ ಕೆಲವರು ಥಟ್ಟನೆ "ಆಗ ನೀನು ಅಮ್ಮನ ಹೊಟ್ಟೆಯಲ್ಲಿದ್ದೆ" ಎಂದುಬಿಡುತ್ತಾರೆ. ನಿಮ್ಮ ಲೆಕ್ಕದಲ್ಲಿ ಅದು ಐದು ವರ್ಷದ ಬಸಿರಾಗುತ್ತದೆ.

ನಾನು ಪೋಷಕರಿಗೆ ಹೇಳಿಕೊಡುವ ಒಂದು ಆಟವಿದೆ. ನೆಲದ ಮೇಲೆ ಉದ್ದಕ್ಕೆ ಫೋಟೋಗಳನ್ನು ಸಾಲಾಗಿ ಇಡಿ. ಒಂದು ತುದಿಯಲ್ಲಿ ನಿಮ್ಮ ಮದುವೆ, ಇನ್ನೊಂದು ತುದಿಯಲ್ಲಿ ಇವತ್ತು ತೆಗೆದ ಅವಳ ಫೋಟೋ. ವರ್ಷಕ್ಕೊಂದು ಹೆಜ್ಜೆಯಂತೆ ನಡುವೆ ಹತ್ತು ಹೆಜ್ಜೆ. ಇವತ್ತಿನಿಂದ ಶುರು ಮಾಡಿ ಹಿಂದಕ್ಕೆ ನಡೆಸಿ. ಇಲ್ಲಿ ಶಾಲೆಗೆ ಸೇರಿದೆ, ಇಲ್ಲಿ ಮೊದಲ ಸಲ ನಡೆದೆ, ಇಲ್ಲಿ ಹಲ್ಲು ಬಂತು, ಇಲ್ಲಿ ಹುಟ್ಟಿದೆ, ಇಲ್ಲಿ ಅಮ್ಮನ ಹೊಟ್ಟೆ ಇಷ್ಟು ದಪ್ಪ. ಅದರಾಚೆಗೆ ಕೆಲವು ಹೆಜ್ಜೆಗಳು ಅವಳಿಲ್ಲದವು. ಆ ಹೆಜ್ಜೆಗಳನ್ನೂ ಅವಳು ತನ್ನ ಕಾಲಿನಲ್ಲೇ ತುಳಿಯುತ್ತಾಳೆ ಎಂಬುದು ಇದರ ಚೆಲುವು. "ಐದು ವರ್ಷದ ಹಿಂದೆ" ಎಂಬ ಮಾತು ಮಗುವಿಗೆ ಗಾಳಿಯಂತೆ, ಹಿಡಿಯಲು ಸಿಗುವುದಿಲ್ಲ. ಐದು ಹೆಜ್ಜೆ ಹಾಗಲ್ಲ. ಸಾಲನ್ನು ಇನ್ನೂ ಹಿಂದಕ್ಕೆ ಬೆಳೆಸಿ ನಿಮ್ಮ ಬಾಲ್ಯದ ಫೋಟೋ, ಅದಕ್ಕೂ ಆಚೆ ನಿಮ್ಮ ಅಮ್ಮನ ಮದುವೆಯ ಫೋಟೋ ಇಟ್ಟು, "ನೋಡು, ನನ್ನ ಅಮ್ಮನ ಮದುವೆಗೆ ನನಗೂ ಹೋಗಲಾಗಲಿಲ್ಲ" ಎಂದು ಮುಖ ಸಪ್ಪೆ ಮಾಡಿ ಹೇಳಿ. ಆಮೇಲೆ ನಿಮ್ಮನ್ನು ಸಮಾಧಾನಪಡಿಸುವ ಸರದಿ ಅವಳದು. (ಎಲ್ಲ ಮನೆಗಳಲ್ಲೂ ಹೀಗೆಯೇ ಎಂದಲ್ಲ. ಮರುಮದುವೆಗಳಲ್ಲಿ ಮಕ್ಕಳು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಅವರ ಪ್ರಶ್ನೆಗಳು ಬೇರೆ.)

ಹಾಗಾದರೆ ಅವಳು ಕಟ್ಟಿದ ಕಥೆಯನ್ನು ಏನು ಮಾಡುವುದು? ಅದಕ್ಕೆ ಒಂದು ಜಾಗ ಕೊಡಿ. ಹಾಳೆಗಳನ್ನು ಹೊಲಿದು ಒಂದು ಪುಸ್ತಕ ಮಾಡಿ, "ಟುಪ್ಪಿ ನೋಡಿದ ಮದುವೆ" ಎಂದು ಹೆಸರಿಟ್ಟು ಅವಳಿಂದ ಚಿತ್ರ ಬರೆಸಿ. ಆ ಪುಸ್ತಕವನ್ನು ಆಲ್ಬಂನ ಪಕ್ಕದಲ್ಲೇ ಇಡಿ, ಆದರೆ ಆಲ್ಬಂನ ಒಳಗೆ ಅಂಟಿಸಬೇಡಿ. ಇತ್ತೀಚೆಗೆ ಕೆಲವರು ಮಗುವಿನ ಮುಖವನ್ನು ಮೊಬೈಲಿನಲ್ಲಿ ಮದುವೆಯ ಫೋಟೋಗೆ ಸೇರಿಸಿ ತೋರಿಸಿ ಸಮಾಧಾನಪಡಿಸುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಎರಡನ್ನೂ ಬೇರೆ ಬೇರೆ ಇಟ್ಟರೆ ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಎಂದು ಅವಳ ಕೈಗೇ ತಿಳಿಯುತ್ತದೆ. ಶಿಕ್ಷಕಿಗೂ ಇಷ್ಟನ್ನೇ ಹೇಳಿ; ಅವರಿಗೆ ಇಂಥ ಮಕ್ಕಳು ಹೊಸಬರಾಗಿರಲಾರರು.

ಟುಪ್ಪಿಯ ವಿಷಯಕ್ಕೆ ಬರೋಣ. ಹಿಂದೆ ಇಂಥ ಗೆಳೆಯ ಗೆಳತಿಯರನ್ನು ಒಂಟಿತನದ ಗುರುತೆಂದು, ಮನಸ್ಸಿನ ಕಾಯಿಲೆಯ ಮುನ್ಸೂಚನೆಯೆಂದು ಹೆದರಿದವರು ಇದ್ದರು. ಆರೆಗಾನ್ ವಿಶ್ವವಿದ್ಯಾಲಯದ ಮಾರ್ಜರಿ ಟೇಲರ್ ದಶಕಗಳ ಕಾಲ ಇದನ್ನೇ ಅಭ್ಯಾಸ ಮಾಡಿದವರು. ಅವರ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಳು ವರ್ಷ ತುಂಬುವ ಹೊತ್ತಿಗೆ ಶೇಕಡಾ 65ರಷ್ಟು ಮಕ್ಕಳು ಯಾವಾಗಲಾದರೂ ಒಬ್ಬ ಕಾಲ್ಪನಿಕ ಜೊತೆಗಾರನನ್ನು ಹೊಂದಿದ್ದರು. ಜೀವವಿದೆಯೆಂದು ಭಾವಿಸಿ ಮಾತಾಡಿಸುವ ಗೊಂಬೆಗಳೂ ಈ ಲೆಕ್ಕದಲ್ಲಿ ಸೇರಿವೆ. ಅಂದರೆ ಟುಪ್ಪಿಯಂಥವರಿಲ್ಲದ ಮಕ್ಕಳೇ ಕಡಿಮೆ. ಟೇಲರ್ ಹೇಳುವ ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಸಂಶೋಧಕರು ಗಂಭೀರವಾಗಿ ಟಿಪ್ಪಣಿ ಮಾಡಿಕೊಳ್ಳುತ್ತ ಆ ಗೆಳೆಯನ ಬಗ್ಗೆ ಒಂದರ ಮೇಲೊಂದು ಪ್ರಶ್ನೆ ಕೇಳುತ್ತಿದ್ದಾಗ, ಎಷ್ಟೋ ಮಕ್ಕಳು ತಾವಾಗಿಯೇ "ಇದು ಸುಮ್ಮನೆ ಆಟ, ನಿಮಗೆ ಗೊತ್ತಲ್ಲ" ಎಂದು ಎಚ್ಚರಿಸುತ್ತಿದ್ದವಂತೆ. ಪಾಪ, ದೊಡ್ಡವರು ನಿಜವೆಂದು ನಂಬಿಬಿಟ್ಟಾರು ಎಂಬ ಕಾಳಜಿ ಅವಕ್ಕೆ.

ಆಟವೆಂದು ಗೊತ್ತಿದ್ದರೂ ಮನಸ್ಸು ಅದರಲ್ಲಿ ಮುಳುಗುವುದು ಸುಳ್ಳಲ್ಲ. ಮನಶ್ಶಾಸ್ತ್ರಜ್ಞ ಪಾಲ್ ಹ್ಯಾರಿಸ್ ಮತ್ತು ಸಂಗಡಿಗರು 1991ರಲ್ಲಿ ಮಕ್ಕಳಿಗೆ ಖಾಲಿ ಪೆಟ್ಟಿಗೆ ತೋರಿಸಿ, ಒಳಗೆ ಒಂದು ಪ್ರಾಣಿಯಿದೆಯೆಂದು ಊಹಿಸಿಕೊಳ್ಳಲು ಹೇಳಿದರು: ಕೆಲವರಿಗೆ ಸಾಧು ಮೊಲ, ಕೆಲವರಿಗೆ ಭಯಂಕರ ರಾಕ್ಷಸ. ಇದು ಬರೀ ಊಹೆ, ಪೆಟ್ಟಿಗೆ ಖಾಲಿ ಎಂದು ಮಕ್ಕಳಿಗೆ ತಿಳಿದಿತ್ತು. ಆದರೆ ಪ್ರಯೋಗ ನಡೆಸುತ್ತಿದ್ದವರು ಕೋಣೆಯಿಂದ ಹೊರಗೆ ಹೊರಟಾಗ ರಾಕ್ಷಸನನ್ನು ಊಹಿಸಿಕೊಂಡಿದ್ದ ಕೆಲವು ಮಕ್ಕಳು ಹೋಗಬೇಡಿ ಎಂದರು. ಇದನ್ನು ಓದಿ ನಗುವ ಮುನ್ನ, ದೆವ್ವದ ಸಿನಿಮಾ ನೋಡಿದ ರಾತ್ರಿ ನಾವು ಎಷ್ಟು ದೀಪ ಹಚ್ಚಿಟ್ಟು ಮಲಗಿದ್ದೆವು ಎಂದು ನೆನಪಿಸಿಕೊಳ್ಳುವುದು ಒಳ್ಳೆಯದು.

ಟುಪ್ಪಿಯನ್ನು ಹೇಗೆ ನಡೆಸಿಕೊಳ್ಳಬೇಕು? ಮನೆಗೆ ಬಂದ ಮಗಳ ಗೆಳತಿಯಂತೆ. ಎದುರಾದಾಗ ಮಾತಾಡಿಸಿ, ನೀವಾಗಿ ಕರೆಯಬೇಡಿ. ಅದಕ್ಕಿಂತ ಮುಖ್ಯವಾಗಿ ಅವಳನ್ನು ನಿಮ್ಮ ಕೆಲಸಕ್ಕೆ ಬಳಸಿಕೊಳ್ಳಬೇಡಿ. ಈ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ಮಗನಿಗೆ ನಾಲ್ಕು ವರ್ಷವಿದ್ದಾಗ ಅವನಿಗೆ ಒಬ್ಬ ಅದೃಶ್ಯ ಗೆಳೆಯನಿದ್ದ, ಬೆಕ್ಕಿನಷ್ಟು ಎತ್ತರದ ರೈಲು ಚಾಲಕ. ಮಗ ಮಲಗಲು ಸತಾಯಿಸುತ್ತಿದ್ದನೆಂದು "ಚಾಲಕರು ಆಗಲೇ ಮಲಗಿದರಂತೆ, ನೀನೂ ಮಲಗು" ಎನ್ನತೊಡಗಿದೆ. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೆಯ ದಿನ ಅವನು ನನ್ನನ್ನೇ ದಿಟ್ಟಿಸಿ, "ಅವರಿಗೆ ವರ್ಗವಾಯಿತು" ಎಂದ. ಮತ್ತೆ ಆ ಚಾಲಕರು ಬರಲೇ ಇಲ್ಲ. ಮಗುವಿಗೆ ಸಂಪೂರ್ಣವಾಗಿ ಸ್ವಂತವೆನ್ನುವಂಥದ್ದು ಮನೆಯಲ್ಲಿ ಬಹಳ ಕಡಿಮೆ. ಅದರಲ್ಲಿ ಒಂದನ್ನು ನಾನು ಕಿತ್ತುಕೊಂಡಿದ್ದೆ.

ಒಡೆದ ಲೋಟದ ವಿಷಯ ಬೇರೆ. ಅಲ್ಲಿ ನಿಮ್ಮ ಪತಿಯ ಮಾತಿನಲ್ಲಿ ಅರ್ಧ ಸತ್ಯವಿದೆ: ಟುಪ್ಪಿಯ ಹೆಸರು ಹೇಳಿ ಬೈಗುಳದಿಂದ ತಪ್ಪಿಸಿಕೊಳ್ಳುವುದು ಕಥೆ ಕಟ್ಟುವುದಲ್ಲ, ಜಾರಿಕೊಳ್ಳುವುದೇ. ಆದರೆ ಅದಕ್ಕೆ ದಾರಿ ಮಾಡಿಕೊಡುವುದು ನಮ್ಮ ಪ್ರಶ್ನೆ. ಯಾರು ಒಡೆದರೆಂದು ಗೊತ್ತಿದ್ದೂ "ಯಾರು ಒಡೆದದ್ದು?" ಎಂದು ಗುಡುಗುವುದು ಪ್ರಶ್ನೆಯಲ್ಲ, ಬಲೆ. ಬಲೆ ಕಂಡ ಮಗು ಹತ್ತಿರ ಯಾರಿದ್ದಾರೋ ಅವರನ್ನು ಮುಂದೆ ತಳ್ಳುತ್ತದೆ. "ಲೋಟ ಒಡೆದಿದೆ. ಚೂರುಗಳನ್ನು ನಾನು ತೆಗೆಯುತ್ತೇನೆ, ನೀನು ಬಟ್ಟೆ ತಂದು ನೀರು ಒರೆಸು" ಎನ್ನಿ. "ಟುಪ್ಪಿ ಮಾಡಿದ್ದು" ಎಂದರೆ "ಸರಿ, ಅವಳೂ ಒಂದು ಬಟ್ಟೆ ತರಲಿ" ಎನ್ನಿ. ಯಾರ ಹೆಸರು ಹೇಳಿದರೂ ಒರೆಸುವ ಕೆಲಸ ತಪ್ಪುವುದಿಲ್ಲ ಎಂದು ಗೊತ್ತಾದ ಮೇಲೆ ಟುಪ್ಪಿಯ ತಲೆಗೆ ಕಟ್ಟುವುದರಲ್ಲಿ ಲಾಭವೇ ಇರುವುದಿಲ್ಲ. ಅವಳಾಗಿಯೇ "ನಾನೇ ಬೀಳಿಸಿದೆ" ಎಂದ ದಿನ, ಲೋಟವನ್ನು ಮರೆತು ಆ ಮಾತನ್ನು ಮೆಚ್ಚಿ. ಟೊರಾಂಟೊ ವಿಶ್ವವಿದ್ಯಾಲಯದ ಕ್ಯಾಂಗ್ ಲೀ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಳ್ಳು ಹೇಳಿ ಶಿಕ್ಷೆ ಅನುಭವಿಸಿದವರ ಕಥೆ ಕೇಳಿದ ಮಕ್ಕಳು ಹೆಚ್ಚು ಸತ್ಯ ಹೇಳಲಿಲ್ಲ. ನಿಜ ಹೇಳಿ ಮೆಚ್ಚುಗೆ ಪಡೆದವನ ಕಥೆ ಕೇಳಿದ ಮಕ್ಕಳು ಹೇಳಿದರು.

ಯಾವಾಗ ವೈದ್ಯರ ಬಳಿ ಹೋಗಬೇಕೆಂಬುದನ್ನೂ ಹೇಳಿಬಿಡುತ್ತೇನೆ. ಆ ಗೆಳತಿ ಮಗುವಿಗೆ ಹೆದರಿಕೆ ಹುಟ್ಟಿಸುತ್ತಿದ್ದರೆ, ತನಗೋ ಬೇರೆಯವರಿಗೋ ನೋವು ಮಾಡೆಂದು ಹೇಳುತ್ತಿದ್ದಾಳೆಂದು ಮಗು ಹೇಳಿದರೆ, ಬೇಡವೆಂದರೂ ಬಿಟ್ಟುಹೋಗುತ್ತಿಲ್ಲವೆಂದು ನರಳಿದರೆ, ನಿಜವಾದ ಮಕ್ಕಳ ಜೊತೆ ಆಡುವುದೇ ನಿಂತುಹೋದರೆ, ಅಥವಾ ಬಂದಿದ್ದ ಮಾತು, ಕಲಿತಿದ್ದ ಅಭ್ಯಾಸಗಳು ಹಿಂದಕ್ಕೆ ಸರಿಯುತ್ತಿದ್ದರೆ ತಡ ಮಾಡಬೇಡಿ. ಇಂಥದ್ದೇನನ್ನೂ ನೀವು ಬರೆದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಟುಪ್ಪಿಯಲ್ಲ, "ದಿನವೂ ಜಗಳ" ಎಂಬ ಮಾತು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಒಬ್ಬರು ಮಗುವನ್ನು ಬಿಗಿ ಮಾಡಲು, ಇನ್ನೊಬ್ಬರು ಸಡಿಲ ಬಿಡಲು ನಿಂತಿದ್ದೀರಿ. ಅವರು ಬಿಗಿದಷ್ಟೂ ನೀವು ಸಡಿಲಿಸುತ್ತೀರಿ, ನೀವು ಸಡಿಲಿಸಿದಷ್ಟೂ ಅವರು ಬಿಗಿಯುತ್ತಾರೆ. ಹೀಗೆ ಇಬ್ಬರೂ ತಮ್ಮ ತಮ್ಮ ಸ್ವಭಾವಕ್ಕಿಂತ ಹೆಚ್ಚು ದೂರ ಹೋಗಿಬಿಟ್ಟಿರುವ ಸಾಧ್ಯತೆ ಇದೆ. ಅವರ ಬಾಲ್ಯದಲ್ಲಿ ಸುಳ್ಳಿಗೆ ಯಾವ ಬೆಲೆ ತೆರಬೇಕಾಗಿತ್ತು ಎಂದು ಎಂದಾದರೂ ಕೇಳಿದ್ದೀರಾ? ಜಗಳದ ನಡುವೆ ಬೇಡ, ಬೇರೆ ಯಾವುದಾದರೂ ಹೊತ್ತಿನಲ್ಲಿ ಕೇಳಿ ನೋಡಿ. ನನ್ನ ಎದುರು ಕೂತ ಎಷ್ಟೋ ಅಪ್ಪಂದಿರ ಸಿಟ್ಟಿನ ಹಿಂದೆ ಅಂಥದ್ದೊಂದು ಹಳೆಯ ಪೆಟ್ಟು ಇತ್ತು.

ಮಗು ಬಂದ ಮೇಲೆ ದಾಂಪತ್ಯ ಸೊರಗುವುದು ನಿಮ್ಮೊಬ್ಬರ ಕಥೆಯಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ 218 ದಂಪತಿಗಳನ್ನು ಮದುವೆಯ ಮೊದಲ ಎಂಟು ವರ್ಷಗಳ ಕಾಲ ಹಿಂಬಾಲಿಸಿತು. ಮಗು ಹುಟ್ಟಿದವರಲ್ಲಿ ಪರಸ್ಪರ ತೃಪ್ತಿ ಹುಟ್ಟಿನ ಬಳಿಕ ಒಮ್ಮೆಲೇ ಕುಸಿಯಿತು. ಮಕ್ಕಳಿಲ್ಲದವರಲ್ಲೂ ಇಳಿಯಿತು, ಆದರೆ ನಿಧಾನವಾಗಿ. ಹಾಗಾಗಿ ಹತ್ತನೆಯ ವರ್ಷವೆಂದರೆ ಬರೀ ಸಂಭ್ರಮದ ಲೆಕ್ಕವಲ್ಲ. ಮೊದಲ ಐದು ವರ್ಷ ನೀವು ಇಬ್ಬರಾಗಿದ್ದಿರಿ, ಮುಂದಿನ ಐದು ವರ್ಷ ಅಪ್ಪ ಅಮ್ಮ ಆಗಿದ್ದಿರಿ. ಆ ಮೊದಲಿನ ಇಬ್ಬರು ಒಬ್ಬರನ್ನೊಬ್ಬರು ನೋಡಿ ಎಷ್ಟು ದಿನವಾಯಿತು?

ಹಾಗಾಗಿ ಹೋಗಿಬನ್ನಿ. ಇದರಲ್ಲಿ ನನಗೆ ಅನುಮಾನವಿಲ್ಲ. ಅಪ್ಪ ಅಮ್ಮನಿಗೆ ತನ್ನನ್ನು ಬಿಟ್ಟು ಒಂದು ಸ್ನೇಹವಿದೆ ಎಂದು ತಿಳಿಯುವುದರಿಂದ ಐದು ವರ್ಷದ ಮಗು ಮುರಿದುಹೋಗುವುದಿಲ್ಲ. ಆದರೆ ಎರಡು ರಾತ್ರಿ ಅವಳು ಈ ಹಿಂದೆ ನಿಮ್ಮನ್ನು ಬಿಟ್ಟು ಇದ್ದಿಲ್ಲವೆಂದಾದರೆ ಈ ಸಲ ಒಂದೇ ರಾತ್ರಿಗೆ ಇಳಿಸಿ, ಅವಳು ಚೆನ್ನಾಗಿ ಬಲ್ಲವರ ಜೊತೆ ಬಿಡಿ. ಮಲಗಿರುವಾಗ ಕದ್ದು ಹೊರಡಬೇಡಿ. ಎದ್ದಾಗ ಕಾಣದ ಅಮ್ಮನನ್ನು ಹುಡುಕಿದ ಮಗು ಆಮೇಲೆ ಎಷ್ಟೋ ರಾತ್ರಿ ನಿದ್ದೆಗೇ ಹೆದರುತ್ತದೆ. ಎಷ್ಟು ಗಂಟೆಗೆ ಬರುತ್ತೀರಿ ಎನ್ನುವುದಕ್ಕಿಂತ ಏನಾದ ಮೇಲೆ ಬರುತ್ತೀರಿ ಎಂದು ಹೇಳಿ: ಒಂದು ಸಲ ಮಲಗಿ ಏಳುತ್ತೀಯ, ಶಾಲೆಗೆ ಹೋಗಿ ಬರುತ್ತೀಯ, ಆಗ ನಾವು ಬಾಗಿಲಲ್ಲಿರುತ್ತೇವೆ. ಹೇಳಿದ ಹೊತ್ತಿಗೆ ಬಾಗಿಲಲ್ಲಿರಿ. ಅವಳು ಅತ್ತರೆ ಅಳಲಿ. ಅಳು ಎಂದರೆ ನೀವು ತಪ್ಪು ಮಾಡಿದಿರಿ ಎಂಬ ತೀರ್ಪಲ್ಲ.

ಹೊರಡುವ ಮುಂಚಿನ ದಿನವನ್ನು ಮೂವರಿಗೂ ಇಟ್ಟುಕೊಳ್ಳಿ. ಅಪ್ಪ ಅಮ್ಮನ ಮದುವೆಯ ಆಟ ಆಡಿ. ಈ ಸಲ ಅವಳಿಗೆ ಆಮಂತ್ರಣ ಪತ್ರ ಬರೆದು ಕೊಡಿ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವಿಗೋತ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ಇಬ್ಬರು ಅಕ್ಕ ತಂಗಿಯರ ಉದಾಹರಣೆ ಕೊಡುತ್ತಾರೆ. ಐದು ಮತ್ತು ಏಳು ವರ್ಷದ ಆ ಹುಡುಗಿಯರು ಒಂದು ದಿನ "ಅಕ್ಕ ತಂಗಿ ಆಟ ಆಡೋಣ" ಎಂದರಂತೆ. ಇರುವುದೇ ಅಕ್ಕ ತಂಗಿಯರಾಗಿ, ಆದರೆ ಆಟದಲ್ಲಿ ಮಾತ್ರ ಅವರು ಅಕ್ಕ ಎಂದರೇನು, ತಂಗಿ ಎಂದರೇನು ಎಂದು ಯೋಚಿಸಿ ನಡೆದುಕೊಂಡರು. ಗಂಡ ಹೆಂಡತಿ ಆಟ ಆಡಲು ನಿಮಗೂ ಇದೊಂದು ನೆಪ. ನಿರ್ದೇಶನ ಮಗಳದೇ ಇರಲಿ. ದೀಪ ಆರಿಸುವ ಪಾತ್ರ ಟುಪ್ಪಿಗೆ.

ಆಟ ಮಕ್ಕಳಿಗಷ್ಟೇ ಎಂದು ನಿಮ್ಮ ಪತಿ ಮೂಗು ಮುರಿದರೆ ಮನಶ್ಶಾಸ್ತ್ರಜ್ಞ ಆರ್ಥರ್ ಏರನ್ ಅವರ ಪ್ರಯೋಗದ ಬಗ್ಗೆ ಹೇಳಿ. 2000ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ದಂಪತಿಗಳ ಮಣಿಕಟ್ಟನ್ನೂ ಕಾಲಿನ ಗಿಣ್ಣನ್ನೂ ಒಟ್ಟಿಗೆ ಕಟ್ಟಿ, ದಿಂಬಿನಂಥ ಒಂದು ವಸ್ತುವನ್ನು ಕೈ ಬಳಸದೆ ಇಬ್ಬರ ನಡುವೆ ಹಿಡಿದುಕೊಂಡು ಚಾಪೆಯ ಮೇಲೆ ಅಂಬೆಗಾಲಿಡಲು ಹೇಳಿದರು. ಏಳೇ ನಿಮಿಷ. ಅಷ್ಟು ಹೊತ್ತು ಚಾಪೆಯ ಮೇಲೆ ನಿಧಾನವಾಗಿ ಚೆಂಡು ಉರುಳಿಸಿದ ದಂಪತಿಗಳಿಗಿಂತ ಈ ಜೋಡಿಗಳು ಆಮೇಲೆ ತಮ್ಮ ಸಂಬಂಧದ ಬಗ್ಗೆ ಹೆಚ್ಚು ಸಂತೋಷ ಹೇಳಿಕೊಂಡವು. ನೀವು ಅಂಬೆಗಾಲಿಡಬೇಕಿಲ್ಲ. ಆದರೆ ಹೋದ ಕಡೆ ಇಬ್ಬರಿಗೂ ಹೊಸದಾದದ್ದು, ಇಬ್ಬರಿಗೂ ಅಷ್ಟೇನೂ ಚೆನ್ನಾಗಿ ಬಾರದಂಥದ್ದು ಏನನ್ನಾದರೂ ಮಾಡಿ. ಮಗಳ ಬಗ್ಗೆ ಒಂದು ಗಂಟೆ ಮಾತಾಡಬಾರದೆಂದು ಪಂದ್ಯ ಕಟ್ಟಿ. ಇಬ್ಬರೂ ಸೋಲುತ್ತೀರಿ, ಪರವಾಗಿಲ್ಲ.

ಇನ್ನೊಂದು ಕೆಲಸ ಬಾಕಿ ಇದೆ. ಟುಪ್ಪಿ ಒಂದು ದಿನ ಹೇಳದೆ ಕೇಳದೆ ಹೋಗಿಬಿಡುತ್ತಾಳೆ. ಹೆಚ್ಚಿನವರು ಹೋದದ್ದು ಮನೆಯವರ ಗಮನಕ್ಕೂ ಬರುವುದಿಲ್ಲ. ದೊಡ್ಡವರಾದ ಮೇಲೆ ನಮಗೆ ಉಳಿಯುವ ಮೊದಲ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ್ದು. ಅದರ ನಂತರದ ಕೆಲವು ವರ್ಷಗಳಲ್ಲೂ ಚೂರುಪಾರು ಮಾತ್ರ ಸಿಗುತ್ತವೆ. ನಿಮ್ಮ ಮಗಳಿಗೆ ಟುಪ್ಪಿ ನೆನಪಿರದೇ ಹೋಗಬಹುದು. ಅವಳ ಮದುವೆಯೋ, ನಿಮ್ಮ ಇಪ್ಪತ್ತೈದನೆಯ ವರ್ಷವೋ ಬಂದಾಗ ಆಲ್ಬಂ ಜೊತೆಗೆ ಆ ಹೊಲಿದ ಪುಸ್ತಕವೂ ಹೊರಬರುತ್ತದೆ. ಆಗ "ಇವಳು ಯಾರು?" ಎಂದು ಕೇಳುವವಳು ಅವಳೇ. ಈಗಲೇ ಟುಪ್ಪಿಯ ಎತ್ತರ ಎಷ್ಟು, ಕೂದಲು ಯಾವ ಬಣ್ಣ, ರಾತ್ರಿ ಎಲ್ಲಿ ಮಲಗುತ್ತಾಳೆ ಎಂದು ಕೇಳಿ, ಕೊನೆಯ ಪುಟದಲ್ಲಿ ತಾರೀಖು ಹಾಕಿ ಬರೆದಿಡಿ.